ಬುಗಿಸರ ಐದು ಲಿಂಗತ್ವಗಳು: ಎಣಿಸಿದವರು ಯಾರು?

ಇಂಡೊನೇಷ್ಯಾದ ಬುಗಿಸ್ ಜನರಲ್ಲಿ ಐದು ಲಿಂಗತ್ವಗಳಿವೆ ಎಂಬ ಮಾತು ಕಳೆದ ಎರಡು ದಶಕಗಳಿಂದ ದೇಶದೇಶ ಸುತ್ತುತ್ತಿದೆ. ಪಶ್ಚಿಮದ ದೇಶಗಳಲ್ಲಿ ಗಂಡು ಯಾರು, ಹೆಣ್ಣು ಯಾರು ಎಂಬ ಜಗಳ ಕಾವೇರಿದಾಗಲೆಲ್ಲ ಈ ಮಾತಿಗೆ ಬೇಡಿಕೆ ಹೆಚ್ಚುತ್ತದೆ. 2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರು, ತಮ್ಮ ಸರ್ಕಾರ ಗಂಡು ಮತ್ತು ಹೆಣ್ಣು ಎಂಬ ಎರಡನ್ನು ಮಾತ್ರ ಮಾನ್ಯ ಮಾಡುತ್ತದೆ ಎಂದು ಆದೇಶ ಹೊರಡಿಸಿದರು; ಅದೇ ವರ್ಷ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಸಮಾನತೆ ಕಾಯ್ದೆಯಲ್ಲಿ ಬರುವ ‘ಮಹಿಳೆ’ ಎಂಬ ಪದಕ್ಕೆ ಜೈವಿಕವಾಗಿ ಹೆಣ್ಣಾದವರು ಎಂದೇ ಅರ್ಥ ಎಂದು ತೀರ್ಪು ಕೊಟ್ಟಿತು. ಇಂಥ ಹೊತ್ತಿನಲ್ಲಿ ಒಂದು ಪಕ್ಷದವರು ಸುಲಾವೇಸಿ ದ್ವೀಪದತ್ತ ಕೈ ತೋರಿಸಿ, ಅಲ್ಲಿ ಶತಮಾನಗಳಿಂದ ಐದು ಇರುವಾಗ ನಿಮ್ಮ ಎರಡು ಯಾವ ಲೆಕ್ಕ ಎಂದು ಕೇಳುತ್ತಾರೆ. ಇನ್ನೊಂದು ಪಕ್ಷದವರು, ಅದು ಹಳೆಯ ಕಾಲದ ಪೂಜಾರಿಗಳ ಆಚರಣೆ, ಇಂದಿನ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ ಎಂದು ತಳ್ಳಿಹಾಕುತ್ತಾರೆ. ಬುಗಿಸರನ್ನು ಸಾಕ್ಷಿಕಟ್ಟೆ ಹತ್ತಿಸಲು ಇಬ್ಬರಿಗೂ ಉತ್ಸಾಹವಿದೆ. ಅವರ ಸಾಕ್ಷ್ಯವನ್ನು ಕೇಳಿಸಿಕೊಳ್ಳುವ ವ್ಯವಧಾನ ಇಬ್ಬರಲ್ಲೂ ಕಾಣುವುದಿಲ್ಲ.

ಸುಲಾವೇಸಿ ದ್ವೀಪದ ದಕ್ಷಿಣದ ಚಾಚಿನಲ್ಲಿ ನೆಲೆಸಿರುವ ಬುಗಿಸರು ಭತ್ತ ಬೆಳೆಯುವವರು, ಹಡಗು ಕಟ್ಟುವವರು, ವ್ಯಾಪಾರಕ್ಕೆಂದು ಸಮುದ್ರ ದಾಟುವವರು. 2010ರ ಜನಗಣತಿಯಲ್ಲಿ ಅವರ ಸಂಖ್ಯೆ 60 ಲಕ್ಷವನ್ನು ಮೀರಿತ್ತು. ಬಹುತೇಕ ಎಲ್ಲರೂ ಮುಸ್ಲಿಮರು, ಅದರಲ್ಲೂ ಧರ್ಮದ ವಿಷಯದಲ್ಲಿ ಬಿಗಿಯಾದವರು ಎಂದು ಹೆಸರಾದವರು. ಅವರ ಭಾಷೆಯಲ್ಲಿ ಗಂಡಿಗೆ ಒರೊವಾನೆ, ಹೆಣ್ಣಿಗೆ ಮಕ್ಕುನ್ರೈ ಎನ್ನುತ್ತಾರೆ. ಗಂಡಿನ ದೇಹದಲ್ಲಿ ಹುಟ್ಟಿ ಹೆಣ್ಣಿನ ರೀತಿಯಲ್ಲಿ ಬಾಳುವವರು ಚಲಬೈ. ಹೆಣ್ಣಿನ ದೇಹದಲ್ಲಿ ಹುಟ್ಟಿ ಗಂಡಿನ ರೀತಿಯಲ್ಲಿ ಬಾಳುವವರು ಚಲಲೈ. ಈ ನಾಲ್ಕಕ್ಕೂ ಹೊರಗೆ, ಗಂಡು ಹೆಣ್ಣು ಎರಡನ್ನೂ ಒಳಗೊಂಡವರೆಂದು ಎಣಿಸಲಾಗುವ ಪುರೋಹಿತರು ಬಿಸ್ಸು. 1990ರ ದಶಕದ ಕೊನೆಯಿಂದ ಇಲ್ಲಿ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞೆ ಶಾರಿನ್ ಗ್ರಹಾಂ ಡೇವೀಸ್ ಅವರ ಬರಹಗಳ ಮೂಲಕ ಈ ಐದು ಹೆಸರುಗಳು ಒಂದೇ ಪಟ್ಟಿಯಾಗಿ ಹೊರಜಗತ್ತಿಗೆ ಪರಿಚಯವಾದವು.

ಹೆಸರುಗಳು ಐದೂ ನಿಜ; ಆದರೆ ಅವುಗಳನ್ನು ಒಟ್ಟಿಗೆ ಕೂಡಿಸಿ ‘ಐದು’ ಎಂದು ಹೇಳುವ ಲೆಕ್ಕ ಬುಗಿಸರ ಮನೆಯಂಗಳದಲ್ಲಿ ಹುಟ್ಟಿದ್ದಲ್ಲ. ಈ ಐದನ್ನೂ ಒಂದೇ ಸೂರಿನಡಿ ತರುವ ‘ಲಿಂಗತ್ವ’ ಎಂಬ ಅರ್ಥದ ಪದವೇ ಅವರ ಭಾಷೆಯಲ್ಲಿಲ್ಲ. ನಮಗೂ ಈ ಪದ ಹೊಸದೇ. ಕನ್ನಡದಲ್ಲಿ ‘ಲಿಂಗ’ ದೇಹಕ್ಕೂ ಸಲ್ಲುತ್ತಿತ್ತು, ವ್ಯಾಕರಣಕ್ಕೂ ಸಲ್ಲುತ್ತಿತ್ತು, ಗುಡಿಯೊಳಗಿನ ಶಿವನಿಗಂತೂ ಸಲ್ಲುತ್ತಲೇ ಇತ್ತು. ಅದಕ್ಕೊಂದು ‘ತ್ವ’ ಸೇರಿಸಿ ಸಮಾಜಶಾಸ್ತ್ರದ ಪಾರಿಭಾಷಿಕ ಪದ ಮಾಡಿಕೊಂಡದ್ದು ಇತ್ತೀಚೆಗೆ. 13ನೇ ಶತಮಾನದ ನಮ್ಮ ವೈಯಾಕರಣ ಕೇಶಿರಾಜ ಒಂಬತ್ತು ಲಿಂಗಗಳನ್ನು ಎಣಿಸಿದ್ದಾನೆ. ಅದನ್ನು ಓದಿದ ಪರದೇಶದವರೊಬ್ಬರು ಹಳೆಗನ್ನಡದ ಸಮಾಜದಲ್ಲಿ ಒಂಬತ್ತು ಲಿಂಗತ್ವಗಳಿದ್ದವು ಎಂದು ಬರೆದರೆ ನಮಗೆ ನಗು ಬಂದೀತು. ಬುಗಿಸರ ವಿಷಯದಲ್ಲಿ ಆದದ್ದು ಅಷ್ಟು ದೊಡ್ಡ ತಪ್ಪಲ್ಲ, ಆದರೆ ಅದೇ ಜಾತಿಯದು. ಎಣಿಕೆ ಸರಿಯಿರಬಹುದು, ಎಣಿಸಿದ್ದು ಏನನ್ನು ಎಂಬುದನ್ನು ನೋಡಬೇಕು.

ಚಲಬೈಗಳಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಬುಗಿಸರ ದಿನನಿತ್ಯದ ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವವರು ಅವರೇ. ಬುಗಿಸರಿಗೆ ಮದುವೆಯೆಂದರೆ ಇಡೀ ಕುಟುಂಬದ ಮಾನವನ್ನು ಊರ ಮುಂದೆ ತೂಕಕ್ಕಿಡುವ ಸಮಾರಂಭ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡಬೇಕಾದ ಪನಾಯ್ ಎಂಬ ಹಣದ ಮೊತ್ತ ಹುಡುಗಿಯ ವಂಶ, ಓದು, ಅಂತಸ್ತಿಗೆ ತಕ್ಕಂತೆ ಏರುತ್ತದೆ. ಬಂದ ನೆಂಟರ ಸಂಖ್ಯೆ, ಬಡಿಸಿದ ಅಡುಗೆ, ಮಂಟಪದ ಅಲಂಕಾರ ಎಲ್ಲವನ್ನೂ ಜನ ಗಮನಿಸುತ್ತಾರೆ. ಇಷ್ಟು ಭಾರದ ಕೆಲಸದ ಹೊಣೆ ಹೊರುವವರು ಬಹಳ ಸಲ ಚಲಬೈಗಳು. ಚಪ್ಪರಕ್ಕೆ ಬಟ್ಟೆ ಕಟ್ಟುವುದು, ವಧೂವರರು ಕೂರುವ ಲಮ್ಮಿಂಗ್ ಎಂಬ ಪೀಠವನ್ನು ಸಿಂಗರಿಸುವುದು, ನೂರಾರು ಜನರ ಅಡುಗೆಗೆ ನಿಲ್ಲುವುದು, ಉಡುಪು ಒಡವೆಗಳನ್ನು ಬಾಡಿಗೆಗೆ ಒದಗಿಸುವುದು, ಹಿಂದಿನ ರಾತ್ರಿ ಮದರಂಗಿ ಎಲೆಯಿಂದ ನಡೆಯುವ ಮಪ್ಪಚ್ಚಿ ಶಾಸ್ತ್ರಕ್ಕೆ ಬೇಕಾದ ಸಾಮಾನು ಹೊಂದಿಸುವುದು, ಕೊನೆಗೆ ವಧುವಿನ ಹಣೆಯ ಮೇಲೆ ಕೂದಲಂಚನ್ನು ಅನುಸರಿಸಿ ದಡಸ ಎಂಬ ಕಪ್ಪು ಚಿತ್ತಾರವನ್ನು ಕೈ ನಡುಗದಂತೆ ಬರೆಯುವುದು, ಇವೆಲ್ಲ ಅವರ ಪಾಲಿನ ಕೆಲಸ. ಇಂಥ ಕೆಲಸದ ಮುಖ್ಯಸ್ಥರನ್ನು ಇಂದೊ ಬೊಟ್ಟಿಂಗ್, ಅಂದರೆ ಮದುವೆಯ ತಾಯಿ, ಎಂದು ಕರೆಯುತ್ತಾರೆ. ಚಲಬೈ ಇಲ್ಲದ ಮದುವೆ ಕಳೆಗಟ್ಟುವುದಿಲ್ಲ ಎಂಬ ಭಾವನೆ ಹಳ್ಳಿಗಳಲ್ಲಿ ಈಗಲೂ ಇದೆ.

ಚಲಬೈ ಎಂಬ ಪದದ ಅರ್ಥ ‘ಹುಸಿ ಹೆಣ್ಣು’. ಚಲಲೈ ಎಂದರೆ ‘ಹುಸಿ ಗಂಡು’. ಪಶ್ಚಿಮದ ಲಿಂಗತ್ವ ರಾಜಕಾರಣದ ಕಿವಿಗೆ ಇದು ಬೈಗುಳದಂತೆ ಕೇಳಿಸುತ್ತದೆ. ಅಲ್ಲಿ ಟ್ರಾನ್ಸ್ ಮಹಿಳೆಯೊಬ್ಬರ ಮೂಲಭೂತ ಬೇಡಿಕೆಯೇ ತಾನು ಹುಸಿಯಲ್ಲ, ನಿಜವಾದ ಮಹಿಳೆ ಎಂಬುದು. ಚಲಬೈಗಳ ವಾದ ಹೀಗಿಲ್ಲ. ತಾವು ಹೆಣ್ಣಲ್ಲ, ಹೆಣ್ಣಾಗುವ ಹಂಬಲವೂ ತಮಗಿಲ್ಲ, ತಾವು ಚಲಬೈ ಎಂದು ಹೇಳುವವರು ಅವರಲ್ಲಿ ಹಲವರಿದ್ದಾರೆ. ಬುಗಿಸ್ ಹೆಣ್ಣುಮಗಳು ರಾತ್ರಿ ಒಬ್ಬಳೇ ಓಡಾಡುವಂತಿಲ್ಲ, ಬೀದಿಯಲ್ಲಿ ಸಿಗರೇಟು ಸೇದುವಂತಿಲ್ಲ, ಮೈ ತೋರುವ ಉಡುಪು ತೊಡುವಂತಿಲ್ಲ. ಚಲಬೈಗೆ ಈ ನಿರ್ಬಂಧಗಳು ಅಷ್ಟಾಗಿ ತಟ್ಟುವುದಿಲ್ಲ. ಹೆಣ್ತನದ ಬೆಡಗು ಅವರಿಗೆ ಬೇಕು, ಹೆಣ್ಣಿನ ಮೇಲಿನ ಕಾವಲು ಬೇಡ. ಹೀಗಾಗಿ ‘ಟ್ರಾನ್ಸ್ ಮಹಿಳೆ’ ಎಂಬ ಪದವನ್ನು ಚಲಬೈ ಎಂಬುದಕ್ಕೆ ನೇರ ಸಮಾನಾರ್ಥಕವಾಗಿ ಬಳಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಚಲಲೈಗಳ ವಿಷಯ ಬಂದಾಗ ಐದರ ಪಟ್ಟಿಯ ಅಂದ ಕೆಡುತ್ತದೆ. ಅವರ ಸಂಖ್ಯೆ ತೀರ ಕಡಿಮೆ, ಅವರಿಗೆಂದು ಮೀಸಲಾದ ಶಾಸ್ತ್ರವಾಗಲಿ ಕಸುಬಾಗಲಿ ಇಲ್ಲ. ಗಂಡಸರ ಜೊತೆ ಕಮ್ಮಾರಿಕೆಯಲ್ಲಿ ಕೂತು ಕಠಾರಿ ತಟ್ಟುವ, ಗಂಡಸರ ರೀತಿಯಲ್ಲಿ ಸಾರಂಗ್ ಉಡುವ, ಹೆಂಡತಿ ಮತ್ತು ಸಾಕುಮಗುವಿನೊಂದಿಗೆ ಸಂಸಾರ ನಡೆಸುವ ಚಲಲೈಯೊಬ್ಬರ ಬದುಕನ್ನು ಡೇವೀಸ್ ದಾಖಲಿಸಿದ್ದಾರೆ. ಆದರೆ ಅಂಥವರು ವಿರಳ, ಅದಕ್ಕೆ ಕಾರಣವೂ ಇದೆ. ಬುಗಿಸರ ನೀತಿಯ ನಡುಗಂಬವೆಂದರೆ ಸಿರಿ ಎಂಬ ಪರಿಕಲ್ಪನೆ. ನಮ್ಮ ‘ಸಿರಿ’ಗೂ ಅದಕ್ಕೂ ಸಂಬಂಧವಿಲ್ಲ, ಮಾನ ಮತ್ತು ನಾಚಿಕೆ ಎರಡನ್ನೂ ಒಟ್ಟಿಗೆ ಹೇಳುವ ಪದವದು. ಕುಟುಂಬದ ಸಿರಿ ನಿಂತಿರುವುದು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ನಡತೆಯ ಮೇಲೆ. ಮಗ ಚಲಬೈಯಾದರೆ ಅಪ್ಪನಿಗೆ ನೋವಾದೀತು, ಊರು ನಕ್ಕೀತು, ಕೊನೆಗೆ ಮದುವೆಮನೆಯಲ್ಲಿ ಅವರಿಗೊಂದು ಜಾಗ ಸಿಕ್ಕೀತು. ಮಗಳು ಮದುವೆ ಒಲ್ಲೆನೆಂದು ಗಂಡಿನಂತೆ ಬಾಳಲು ಹೊರಟರೆ ಇಡೀ ಮನೆತನದ ಮಾನದ ಪ್ರಶ್ನೆ ಏಳುತ್ತದೆ. ಐದು ಲಿಂಗತ್ವಗಳ ಸಮಾಜವೆಂದ ಮಾತ್ರಕ್ಕೆ ಐದಕ್ಕೂ ಸಮಪಾಲು ಸಿಕ್ಕಿದೆ ಎಂದುಕೊಳ್ಳುವುದು ತಪ್ಪು.

ಬಿಸ್ಸುಗಳದು ಬೇರೆಯೇ ಎತ್ತರ. ಬುಗಿಸರ ಮಹಾಕಾವ್ಯ ಲಾ ಗಲಿಗೊ ಸುಮಾರು 3 ಲಕ್ಷ ಸಾಲುಗಳಷ್ಟು ಬೃಹತ್ತಾದದ್ದು. ಅದರ ಹಸ್ತಪ್ರತಿಯನ್ನು 2011ರಲ್ಲಿ ಯುನೆಸ್ಕೊ ತನ್ನ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಮೇಲಿನ ಲೋಕದಿಂದ ಬಟಾರ ಗುರು ಇಳಿದು ಬಂದು, ಕೆಳಗಿನ ಲೋಕದಿಂದ ಬಂದ ವೆ ನ್ಯಿಲಿಕ್ ತಿಮೊಕ್ ಎಂಬಾಕೆಯನ್ನು ಕೂಡಿ, ನಡುವಿನ ಈ ಲೋಕದಲ್ಲಿ ಮನುಷ್ಯರ ಅರಸುಮನೆತನವನ್ನು ನೆಲೆಗೊಳಿಸಿದ ಕಥೆ ಅದರಲ್ಲಿದೆ. ದೇವಲೋಕದವರೊಂದಿಗೆ ಬಿಸ್ಸುಗಳೂ ಇಳಿದು ಬಂದರು ಎಂಬುದು ನಂಬಿಕೆ. ಕಾವ್ಯದ ನಾಯಕ ಸವೆರಿಗಡಿಂಗ್‌ನ ಅವಳಿ ಸೋದರಿ ವೆ ತೆನ್ರಿಯಬೆಂಗ್ ಸ್ವತಃ ಬಿಸ್ಸು. ಅಂದರೆ ಬಿಸ್ಸು ಎಂದಾಕ್ಷಣ ಹೆಣ್ಣುಡುಗೆಯ ಗಂಡಸು ಎಂದು ತಿಳಿಯಬೇಕಿಲ್ಲ. ಅರಮನೆಯ ಹೆಂಗಸರೂ ಬಿಸ್ಸುಗಳಾಗುತ್ತಿದ್ದರು. ಮೇಲಿನ ಮತ್ತು ಕೆಳಗಿನ ಲೋಕಗಳ ನಡುವೆ, ಗಂಡು ಮತ್ತು ಹೆಣ್ಣಿನ ನಡುವೆ ಸೇತುವೆಯಾಗಬಲ್ಲವರು ಎರಡನ್ನೂ ತಮ್ಮೊಳಗೆ ಇರಿಸಿಕೊಂಡಿರಬೇಕು ಎಂಬುದು ಇದರ ತರ್ಕ. ಆದ್ದರಿಂದಲೇ ಬಿಸ್ಸು ಹೆಣ್ಣಿನಂತೆ ಹೂ ಮುಡಿಯುತ್ತಾರೆ, ಗಂಡಿನಂತೆ ಸೊಂಟದಲ್ಲಿ ಕಠಾರಿ ಸಿಕ್ಕಿಸಿಕೊಳ್ಳುತ್ತಾರೆ.

ಕನ್ನಡಿಗರಿಗೆ ಈ ಹೆಸರುಗಳಲ್ಲಿ ಪರಿಚಿತವಾದ ಏನೋ ಕೇಳಿಸಿದ್ದರೆ ಅದು ಭ್ರಮೆಯಲ್ಲ. ಬಟಾರ ಗುರುವಿನಲ್ಲಿರುವುದು ಭಟ್ಟಾರ ಮತ್ತು ಗುರು. ಬುಗಿಸರ ಏಕದೇವನ ಹೆಸರಿನಲ್ಲಿ ‘ದೇವತಾ’ ಇದೆ. ಅವರ ಲೊಂತಾರ ಲಿಪಿ ಬ್ರಾಹ್ಮಿಯ ಕುಲದ್ದು, ಅದರ ಅಕ್ಷರಮಾಲೆ ನಮ್ಮ ವ್ಯಂಜನಗಳಂತೆ ಕ, ಗ, ಙ ಎಂದೇ ಆರಂಭವಾಗುತ್ತದೆ, ಲೊಂತಾರ ಎಂಬ ಪದದೊಳಗೆ ತಾಳೆಯ ಮರ ಅಡಗಿದೆ. ಬಿಸ್ಸು ಎಂಬ ಪದ ‘ಭಿಕ್ಷು’ವಿನಿಂದ ಬಂದಿರಬಹುದೆಂಬ ವಾದವೂ ಉಂಟು, ಶುದ್ಧ ಎಂಬ ಅರ್ಥದ ‘ಬೆಸ್ಸಿ’ ಎಂಬ ಬುಗಿಸ್ ಪದವೇ ಅದರ ಮೂಲ ಎನ್ನುವವರೂ ಇದ್ದಾರೆ. ಸರ್ವನಾಮದಲ್ಲಿ ಮಾತ್ರ ಅವರ ಭಾಷೆ ನಮ್ಮದಕ್ಕಿಂತ ಭಿನ್ನ. ಬುಗಿಸ್ ಭಾಷೆಯಲ್ಲಿ ‘ಅವನು’, ‘ಅವಳು’ ಎಂಬ ಭೇದವೇ ಇಲ್ಲ. ಇಂಗ್ಲಿಷಿನಲ್ಲಿ ಬರೆದ ಡೇವೀಸ್ ಈ ಜನರ ಬಗ್ಗೆ ಬರೆಯಲು ಗಂಡು ಹೆಣ್ಣು ಎರಡನ್ನೂ ಬೆರೆಸಿದ ಸರ್ವನಾಮಗಳನ್ನು ಬಳಸಬೇಕಾಯಿತು. ಕನ್ನಡದಲ್ಲಿ ಬರೆಯುತ್ತಿರುವ ನನಗೆ ಆ ತೊಡಕು ಎದುರಾಗಲಿಲ್ಲ. ಗೌರವದ ‘ಅವರು’ ಕೈಗೆ ಸಿಕ್ಕಿತು. ಬಿಸ್ಸುವನ್ನು ಏಕವಚನದಲ್ಲಿ ಕರೆಯಬೇಕಾಗಿ ಬಂದಿದ್ದರೆ ನಾನೂ ಪೇಚಿಗೆ ಸಿಲುಕುತ್ತಿದ್ದೆ.

ಬಿಸ್ಸುಗಳ ಬಗ್ಗೆ ಯುರೋಪಿನವರ ಬರಹ ಹಳೆಯದು. ಪೋರ್ಚುಗೀಸ್ ವ್ಯಾಪಾರಿ ಆಂಟೊನಿಯೊ ಡಿ ಪೈವಾ 1544ರಲ್ಲಿ ದಕ್ಷಿಣ ಸುಲಾವೇಸಿಗೆ ಹೋಗಿಬಂದು, ಅಲ್ಲಿನ ಅರಸರ ಬಳಿ ಹೆಣ್ಣಿನ ವೇಷದ ಪುರೋಹಿತರಿರುವುದನ್ನು ತಿಳಿಸಿ ಗೋವಾದ ಬಿಷಪ್ಪರಿಗೆ ಪತ್ರ ಬರೆದ. ನಮ್ಮ ಕಾರವಾರದ ಪಕ್ಕದ ಬಂದರಿಗೆ ಈ ಸುದ್ದಿ ಹೀಗೆ ಪಾಪದ ವರದಿಯಾಗಿ ಬಂದು ತಲುಪಿತು. ಸುಮಾರು 300 ವರ್ಷಗಳ ನಂತರ, 1840ರಲ್ಲಿ, ಮುಂದೆ ಸರವಾಕ್‌ನ ರಾಜನಾಗಲಿದ್ದ ಜೇಮ್ಸ್ ಬ್ರೂಕ್ ವಾಜೊ ಪ್ರಾಂತ್ಯದಲ್ಲಿ ತಿರುಗಾಡಿ, ಕೆಲವು ಗಂಡಸರು ಹೆಂಗಸರಂತೆಯೂ ಕೆಲವು ಹೆಂಗಸರು ಗಂಡಸರಂತೆಯೂ ಒಂದೆರಡು ದಿನಕ್ಕಲ್ಲ, ಜೀವಮಾನವಿಡೀ ಉಡುಪು ತೊಟ್ಟು ಆಯಾ ಕೆಲಸಗಳಲ್ಲಿ ತೊಡಗಿರುತ್ತಾರೆ ಎಂದು ಅಚ್ಚರಿಪಟ್ಟು ದಾಖಲಿಸಿದ. ಆಳುವ ಸ್ಥಾನಗಳಲ್ಲಿ ಹೆಂಗಸರಿದ್ದದ್ದೂ ಅವನಿಗೆ ಅಷ್ಟೇ ಅಚ್ಚರಿ ತಂದಿತ್ತು. ಬುಗಿಸ್ ಸಂಸ್ಥಾನಗಳನ್ನು ಆಳಿದ ರಾಣಿಯರು ಒಬ್ಬಿಬ್ಬರಲ್ಲ. ಗಂಡಾಗಿದ್ದರೂ ಹೆಣ್ಣಿನ ಗುಣವಿದ್ದವನು ಹೆಣ್ಣೇ, ಹೆಣ್ಣಾಗಿದ್ದರೂ ಗಂಡಿನ ಗುಣವಿದ್ದವಳು ಗಂಡೇ ಎಂಬ ಅರ್ಥದ ಮಾತೊಂದು ಅವರಲ್ಲಿದೆ.

ಬಿಸ್ಸುಗಳ ಅಧಿಕಾರ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಅರಾಜಂಗ್ ಎಂಬುದನ್ನು ನೋಡಬೇಕು. ಪ್ರತಿ ಬುಗಿಸ್ ಸಂಸ್ಥಾನಕ್ಕೂ ಖಡ್ಗ, ಧ್ವಜ, ಕಿರೀಟದಂಥ ಪವಿತ್ರ ವಸ್ತುಗಳಿರುತ್ತಿದ್ದವು. ರಾಜ್ಯ ನಿಂತಿರುವುದೇ ಅವುಗಳ ಮೇಲೆ, ಅರಸ ಅವುಗಳ ಪಾರುಪತ್ತೇದಾರ ಮಾತ್ರ ಎಂಬ ಭಾವನೆಯಿತ್ತು. ಅವುಗಳನ್ನು ಕಾಯುವುದು, ತೊಳೆಯುವುದು, ಅವುಗಳೊಂದಿಗೆ ‘ಸ್ವರ್ಗದವರ ಭಾಷೆ’ ಎಂದೇ ಹೆಸರಾದ ವಿಶೇಷ ನುಡಿಯಲ್ಲಿ ಮಾತಾಡುವುದು ಬಿಸ್ಸುಗಳ ಕೆಲಸ. ಪಂಗ್ಕಜೆನೆ ಜಿಲ್ಲೆಯ ಸೆಗೆರಿ ಎಂಬ ಊರಿನ ಅರಾಜಂಗ್ ಕತ್ತಿಯೂ ಅಲ್ಲ, ಕಿರೀಟವೂ ಅಲ್ಲ; ಅದೊಂದು ಮರದ ನೇಗಿಲು. ಬಟ್ಟೆ ಸುತ್ತಿ ಮನೆಯೊಳಗೆ ಇಟ್ಟಿರುವ ಅದನ್ನು ಮಳೆಗಾಲ ಆರಂಭವಾಗುವ ನವೆಂಬರ್ ಹೊತ್ತಿಗೆ ಮಪ್ಪಲಿಲಿ ಎಂಬ ಆಚರಣೆಯಲ್ಲಿ ಎಬ್ಬಿಸಿ ಹೊರಗೆ ತರುತ್ತಾರೆ. ಅದಕ್ಕೆ ಮೊದಲು ಗದ್ದೆಗೆ ನೇಗಿಲು ಇಳಿಸುವುದು ಸಲ್ಲದು ಎಂಬುದು ಹಿಂದಿನವರು ಪಾಲಿಸಿಕೊಂಡು ಬಂದ ಕಟ್ಟಳೆ. ಪುವಾಂಗ್ ಮತೋವ ಎಂಬ ಬಿರುದಿನ ಹಿರಿಯ ಬಿಸ್ಸುವಿನ ಮುಂದಾಳತ್ವದಲ್ಲಿ, ಮದ್ದಳೆಯ ಬಡಿತಕ್ಕೆ ತಕ್ಕಂತೆ ಬಿಸ್ಸುಗಳು ಅರಾಜಂಗ್‌ಗೆ ಸುತ್ತು ಬರುತ್ತಾರೆ. ಗತಿ ಏರಿದಂತೆ ಒರೆಯಿಂದ ಕಠಾರಿ ಹಿರಿದು, ಅದರ ಮೊನೆಯನ್ನು ಅಂಗೈಗೆ, ಕಪೋಲಕ್ಕೆ, ಗಂಟಲಿಗೆ ಒತ್ತಿ ಮೈಭಾರವನ್ನೆಲ್ಲ ಅದರ ಮೇಲೆ ಬಿಡುತ್ತಾರೆ. ಈ ಕ್ರಿಯೆಯ ಹೆಸರು ಮಗ್ಗಿರಿ. ಚರ್ಮ ಹರಿದು ರಕ್ತ ಬಾರದಿದ್ದರೆ ಮೈಮೇಲೆ ದೇವರು ಬಂದಿದೆ ಎಂದರ್ಥ; ಆಗಷ್ಟೇ ಆ ಬಿಸ್ಸು ಹರಸುವ ಮಾತಿಗೆ ಬೆಲೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬಿಸ್ಸುವಿಗೆ ತಾನು ಬಿಸ್ಸು ಎಂದು ಒಳಗಿನಿಂದ ಅನ್ನಿಸಿದರೆ ಸಾಲದು. ಕರೆ ಬರಬೇಕು, ಹಿರಿಯರು ಒಪ್ಪಬೇಕು, ಮಂತ್ರ ಕಲಿಯಬೇಕು, ಸತ್ತವರಂತೆ ಬಿಳಿ ಬಟ್ಟೆ ಹೊದಿಸಿ ಮಲಗಿಸುವ ದೀಕ್ಷೆಯಿಂದ ಎದ್ದುಬರಬೇಕು, ಕೊನೆಗೆ ಕಠಾರಿಯ ಮೊನೆ ಅದನ್ನು ಸಾಬೀತು ಮಾಡಬೇಕು. ಚಲಬೈಯ ಸ್ಥಾನವೂ ಹೀಗೆಯೇ ಮದುವೆಮನೆಯ ಕೆಲಸದಿಂದ ದೃಢಪಡುವಂಥದ್ದು. ಅವರ ಒಳಗಿನ ಭಾವಕ್ಕೆ ಬೆಲೆಯಿಲ್ಲವೆಂದಲ್ಲ. ಅದು ತಮ್ಮ ಹುಟ್ಟುಗುಣ, ವಿಧಿ ಬರೆದದ್ದು ಎಂದು ಹಲವರು ಹೇಳುತ್ತಾರೆ. ಆದರೆ ಆ ಗುಣಕ್ಕೆ ಸಮಾಜ ಮನ್ನಣೆ ಕೊಡುವುದು ಅದು ಒಂದು ಕೆಲಸವಾಗಿ, ಶಾಸ್ತ್ರವಾಗಿ, ಊರಿಗೆ ಬೇಕಾದ ಸೇವೆಯಾಗಿ ಮಾರ್ಪಟ್ಟಾಗ.

ಪಶ್ಚಿಮದಲ್ಲಿ ಪ್ರಶ್ನೆ ಹುಟ್ಟಿದ್ದೇ ಬೇರೆ ಕಡೆ, ಆಸ್ಪತ್ರೆಯಲ್ಲಿ. ಇಂಗ್ಲಿಷ್ ವ್ಯಾಕರಣದಲ್ಲಿ ಶಬ್ದಗಳ ಲಿಂಗವನ್ನು ಸೂಚಿಸುತ್ತಿದ್ದ ‘ಜೆಂಡರ್’ ಎಂಬ ಪದವನ್ನು 1955ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಮನಿ, ದೇಹರಚನೆ ಸ್ಪಷ್ಟವಿಲ್ಲದೆ ಹುಟ್ಟಿದ ಮಕ್ಕಳ ಅಧ್ಯಯನದ ವೇಳೆ ಮನುಷ್ಯರಿಗೆ ಅನ್ವಯಿಸಿದರು. 1960ರ ದಶಕದಲ್ಲಿ ಮನೋವೈದ್ಯ ರಾಬರ್ಟ್ ಸ್ಟೋಲರ್ ಅದನ್ನು ಒಳಗಿನ ಗುರುತಿನ ಅರ್ಥಕ್ಕೆ ವಿಸ್ತರಿಸಿದರು. ಬಳಿಕ ಸ್ತ್ರೀವಾದಿಗಳು, ದೇಹ ಬೇರೆ, ಸಮಾಜ ಹೇರಿದ ಪಾತ್ರ ಬೇರೆ ಎಂದು ವಾದಿಸಲು ಅದೇ ಭೇದವನ್ನು ಬಳಸಿಕೊಂಡರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಲಿಂಗಪರಿವರ್ತನೆಯ ಬಯಕೆಯನ್ನು ರೋಗಗಳ ಕೈಪಿಡಿಗೆ ಸೇರಿಸಿತು. 2013ರಲ್ಲಿ ಅದರ ಹೆಸರನ್ನೂ ವ್ಯಾಖ್ಯೆಯನ್ನೂ ಬದಲಿಸಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದುಹಾಕಿತು. ಆಸ್ಪತ್ರೆಯಿಂದ ಹೊರಬಂದ ಪ್ರಶ್ನೆ ಅಲ್ಲಿಂದ ನೇರವಾಗಿ ಕಚೇರಿಗೆ ನಡೆಯಿತು. ಜರ್ಮನಿ 2018ರ ಕೊನೆಯಲ್ಲಿ ಜನನ ದಾಖಲೆಗೆ ಮೂರನೆಯ ಆಯ್ಕೆ ಸೇರಿಸಿತು, 2024ರ ನವೆಂಬರ್‌ನಿಂದ ಸ್ವಯಂ ಘೋಷಣೆಯ ಮೇಲೆ ದಾಖಲೆ ಬದಲಿಸಲು ಅವಕಾಶ ಕೊಟ್ಟಿತು. ಅಮೆರಿಕ 2022ರಿಂದ ಎಲ್ಲರಿಗೂ ಪಾಸ್‌ಪೋರ್ಟಿನಲ್ಲಿ ಲಿಂಗದ ಕಾಲಂಗೆ ‘ಎಕ್ಸ್’ ಎಂದು ನಮೂದಿಸಲು ಬಿಟ್ಟು 2025ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ನಾನು ಯಾರೆಂದು ನಾನೇ ಹೇಳುವೆ, ಸರ್ಕಾರ ಅದನ್ನು ಬರೆದುಕೊಳ್ಳಲಿ ಎಂಬ ಬೇಡಿಕೆಯ ಸುತ್ತಲೇ ಅಲ್ಲಿನ ಹೋರಾಟವೂ ಅದಕ್ಕೆ ಬರುವ ವಿರೋಧವೂ ತಿರುಗುತ್ತಿವೆ.

ಹಾಗೆಂದು ಪಶ್ಚಿಮವೆಲ್ಲ ಒಂದೇ ಎರಕದ್ದೆಂದು ತಿಳಿಯಬಾರದು. ಇಟಲಿಯ ನೇಪಲ್ಸ್ ನಗರದ ಹಳೆಯ ಕೇರಿಗಳಲ್ಲಿ ಫೆಮ್ಮಿನಿಯೆಲ್ಲಿ ಎಂಬವರಿದ್ದಾರೆ. ಗಂಡಾಗಿ ಹುಟ್ಟಿ ಹೆಣ್ಣಿನಂತೆ ಬಾಳುವ ಅವರು ಅದೃಷ್ಟ ತರುವವರೆಂಬ ನಂಬಿಕೆಯಿದೆ, ಪ್ರತಿ ಫೆಬ್ರುವರಿ 2ರಂದು ಮೊಂತೆವೆರ್ಜಿನೆ ಬೆಟ್ಟದ ಮೇರಿ ಮಾತೆಯ ಸನ್ನಿಧಿಗೆ ಅವರು ಯಾತ್ರೆ ಹೋಗುತ್ತಾರೆ. ಉತ್ತರ ಅಲ್ಬೇನಿಯಾದ ಬೆಟ್ಟಗಳಲ್ಲಿ ಗಂಡುದಿಕ್ಕಿಲ್ಲದ ಮನೆಯ ಮಗಳು ಮದುವೆಯಾಗೆನೆಂದು ಪ್ರತಿಜ್ಞೆ ಮಾಡಿ, ಗಂಡುಡುಗೆ ತೊಟ್ಟು, ಮನೆಯ ಯಜಮಾನನ ಸ್ಥಾನದಲ್ಲಿ ಕೂರುವ ಪದ್ಧತಿ ಮೊನ್ನೆಮೊನ್ನೆಯವರೆಗೂ ಇತ್ತು. ಇವೆರಡೂ ಬುಗಿಸರ ಕ್ರಮಕ್ಕೆ ಹತ್ತಿರ, ಇಂದಿನ ಬರ್ಲಿನ್ ಅಥವಾ ವಾಷಿಂಗ್ಟನ್ನಿನ ಚರ್ಚೆಗೆ ದೂರ. ಆದ್ದರಿಂದ ನಿಜವಾದ ಅಂತರ ಪೂರ್ವ ಪಶ್ಚಿಮಗಳ ನಡುವಿನದಲ್ಲ, ಐದು ಮತ್ತು ಎರಡರ ನಡುವಿನದಂತೂ ಅಲ್ಲವೇ ಅಲ್ಲ. ಒಂದು ಕ್ರಮದಲ್ಲಿ ವ್ಯಕ್ತಿಗೆ ಕೇಳುವ ಪ್ರಶ್ನೆ ‘ಈ ಊರಿನಲ್ಲಿ ನಿನ್ನ ಪಾಲಿನ ಕೆಲಸ ಯಾವುದು’ ಎಂಬುದು. ಇನ್ನೊಂದರಲ್ಲಿ ಕೇಳುವುದು ‘ನೀನು ಒಳಗೆ ಯಾರು’ ಎಂಬುದು. ಮೊದಲನೆಯದು ಸ್ಥಾನ ಕೊಡುತ್ತದೆ, ಆ ಸ್ಥಾನದಿಂದ ಆಚೆ ಕಾಲಿಡಲು ಬಿಡುವುದಿಲ್ಲ. ಎರಡನೆಯದು ಎಲ್ಲಿಗೆ ಬೇಕಾದರೂ ಹೋಗಲು ಬಿಡುತ್ತದೆ, ಹೋದಲ್ಲಿ ಮಣೆ ಹಾಕುವವರು ಇರುತ್ತಾರೆಂಬ ಭರವಸೆ ಕೊಡುವುದಿಲ್ಲ. ವಧುವಿಗೆ ದಡಸ ಬರೆಯುವ ಚಲಬೈಗೆ ಊರಿನ ಆದರವಿದೆ; ಅದೇ ಚಲಬೈ ಶಾಲೆಯ ಮೇಷ್ಟರಾಗಬೇಕೆಂದರೆ ಆ ಆದರ ಎಷ್ಟು ದೂರ ಜೊತೆಗೆ ಬಂದೀತೆಂದು ಹೇಳುವುದು ಕಷ್ಟ.

ಸ್ಥಾನಕ್ಕೆ ಆಧಾರ ಬೇಕು, ಆ ಆಧಾರ ಕುಸಿದಾಗ ಸ್ಥಾನವೂ ಕುಸಿಯುತ್ತದೆ. ಬಿಸ್ಸುಗಳ ಇತ್ತೀಚಿನ ಇತಿಹಾಸ ಇದನ್ನೇ ಹೇಳುತ್ತದೆ. 1605ರಿಂದ ಆರೇಳು ವರ್ಷಗಳಲ್ಲಿ ದಕ್ಷಿಣ ಸುಲಾವೇಸಿಯ ಅರಸರು ಒಬ್ಬೊಬ್ಬರಾಗಿ ಇಸ್ಲಾಂ ಒಪ್ಪಿಕೊಂಡರು, ಆದರೂ ಅರಮನೆಯ ಬಿಸ್ಸುಗಳು ಉಳಿದರು. ಅವರೂ ಮುಸ್ಲಿಮರಾದರು; ಮಕ್ಕಾಯಾತ್ರೆ ಮಾಡಿಬಂದ ಬಿಸ್ಸುಗಳೂ ಇದ್ದಾರೆ. ಅಂದರೆ ಧರ್ಮ ಬಂದು ಲಿಂಗವೈವಿಧ್ಯವನ್ನು ಅಳಿಸಿತು ಎಂಬ ಸರಳ ಕಥೆ ಇಲ್ಲಿ ಸಲ್ಲುವುದಿಲ್ಲ. ಹೆಚ್ಚಿನ ಪೆಟ್ಟು ಬಿದ್ದದ್ದು 20ನೇ ಶತಮಾನದಲ್ಲಿ. 1905ರ ದಂಡಯಾತ್ರೆಯಲ್ಲಿ ಡಚ್ಚರು ಸಂಸ್ಥಾನಗಳನ್ನು ಮುರಿದರು, ಅರಾಜಂಗ್‌ಗಳನ್ನು ಹೊತ್ತೊಯ್ದರು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳೇ ರದ್ದಾದವು, ಬಿಸ್ಸುಗಳ ಜೀವನಕ್ಕೆಂದು ಬಿಟ್ಟಿದ್ದ ಉಂಬಳಿ ಗದ್ದೆಗಳೂ ಕೈಬಿಟ್ಟವು. 1950ರಿಂದ 1965ರವರೆಗೆ ಕಹರ್ ಮುಜಕ್ಕರ್ ನಡೆಸಿದ ಇಸ್ಲಾಮೀ ದಂಗೆಯ ಕಾಲ ಮತ್ತು ಅದರ ಬೆನ್ನಿಗೆ ಬಂದ ‘ತೋಬಾ’ ಎಂಬ, ಅಂದರೆ ಪಶ್ಚಾತ್ತಾಪದ, ಕಾರ್ಯಾಚರಣೆಯಲ್ಲಿ ಬಿಸ್ಸುಗಳನ್ನು ಹಿಡಿದು ತಲೆ ಬೋಳಿಸಿ ಗಂಡಸರಂತೆ ಇರಬೇಕೆಂದು ಬಲವಂತ ಮಾಡಿದರು, ಪರಿಕರಗಳನ್ನು ಸುಟ್ಟರು, ಕೆಲವರನ್ನು ಕೊಂದರು. ಉಳಿದವರು ಅಡಗಿಕೊಂಡರು.

ಮುಂದೆ ಸರ್ಕಾರಕ್ಕೆ ಅವರು ‘ಸಂಸ್ಕೃತಿ’ಯಾಗಿ ಮತ್ತೆ ಬೇಕಾದರು. ಜಿಲ್ಲೆಯ ಉತ್ಸವಗಳಿಗೆ ಕರೆ ಬಂತು, ಮಗ್ಗಿರಿ ವೇದಿಕೆ ಏರಿತು. ಸೆಗೆರಿಯ ಪುವಾಂಗ್ ಮತೋವ ಸೈದಿ ಅವರು 2004ರಲ್ಲಿ ಸಿಂಗಪುರದಲ್ಲಿ ಮೊದಲ ಪ್ರದರ್ಶನ ಕಂಡ ಲಾ ಗಲಿಗೊ ರಂಗಪ್ರಯೋಗದಲ್ಲಿ ಪಾಲ್ಗೊಂಡು ಯುರೋಪು, ಅಮೆರಿಕದ ರಂಗಮಂದಿರಗಳವರೆಗೂ ಹೋಗಿಬಂದರು, 2011ರಲ್ಲಿ ತೀರಿಕೊಂಡರು. ವೇದಿಕೆಯ ಮೇಲೆ ಕೈಚಪ್ಪಾಳೆ ಸಿಕ್ಕ ಕಾಲದಲ್ಲೇ ಊರಿನಲ್ಲಿ ಹೊಸಬರು ದೀಕ್ಷೆಗೆ ಬರುವುದು ಕಡಿಮೆಯಾಯಿತು. ಮೊದಲು ಬಿಸ್ಸು ಮತ್ತು ಚಲಬೈಗಳ ನಡುವೆ ದೊಡ್ಡ ಅಂತರವಿತ್ತು. ಈಗ ಹೊಟ್ಟೆಪಾಡಿಗೆ ಬಿಸ್ಸುಗಳೂ ಮದುವೆಯ ಅಲಂಕಾರಕ್ಕೆ ನಿಲ್ಲುವುದುಂಟು. ಇದನ್ನು ಅಧಃಪತನ ಎನ್ನಲು ನನಗೆ ಮನಸ್ಸಿಲ್ಲ. ಅರಸನಿಲ್ಲದ ಊರಿನಲ್ಲಿ ಅರಮನೆಯ ಪುರೋಹಿತರು ಇನ್ನೇನು ಮಾಡಬೇಕಿತ್ತು?

ಇದರ ಜೊತೆಗೆ ಇಂಡೊನೇಷ್ಯಾದ ರಾಜಕಾರಣವೂ ಬದಲಾಯಿತು. ಜಕಾರ್ತಾದ ನ್ಯಾಯಾಲಯವೊಂದು 1973ರಷ್ಟು ಹಿಂದೆಯೇ ಲಿಂಗಪರಿವರ್ತನೆ ಮಾಡಿಸಿಕೊಂಡವರೊಬ್ಬರಿಗೆ ಮಹಿಳೆಯೆಂದು ಕಾನೂನಿನ ಮಾನ್ಯತೆ ಕೊಟ್ಟಿತ್ತು. ಹೆಣ್ಣು ಎಂಬ ಅರ್ಥದ ‘ವನಿತಾ’ ಮತ್ತು ಗಂಡು ಎಂಬ ಅರ್ಥದ ‘ಪ್ರಿಯಾ’ ಪದಗಳ ಚೂರುಗಳನ್ನು ಜೋಡಿಸಿದ ‘ವಾರಿಯಾ’ ಎಂಬ ಹೆಸರು 1970ರ ದಶಕದ ಕೊನೆಯಿಂದ ದೇಶವಿಡೀ ಬಳಕೆಗೆ ಬಂತು. 2016ರಿಂದೀಚೆಗೆ ಮಂತ್ರಿಗಳು, ಧಾರ್ಮಿಕ ಸಂಘಟನೆಗಳು, ಟಿ.ವಿ. ವಾಹಿನಿಗಳು ಒಟ್ಟುಗೂಡಿ ಲಿಂಗತ್ವ ಮತ್ತು ಲೈಂಗಿಕ ಅಲ್ಪಸಂಖ್ಯಾತರೆಲ್ಲರನ್ನೂ ಪಶ್ಚಿಮದಿಂದ ಬಂದ ಪಿಡುಗೆಂದು ಚಿತ್ರಿಸತೊಡಗಿದರು. ಬಿಸ್ಸುಗಳೂ ಆ ಬಲೆಯಲ್ಲಿ ಸಿಲುಕಿದರು: 2017ರ ಜನವರಿಯಲ್ಲಿ ಸೊಪ್ಪೆಂಗ್‌ನಲ್ಲಿ ನಡೆಯಬೇಕಿದ್ದ ವಾರಿಯಾ ಮತ್ತು ಬಿಸ್ಸುಗಳ ಕ್ರೀಡೆ-ಕಲೆಗಳ ಕೂಟವನ್ನು ಪೊಲೀಸರು ತಡೆದರು. ಪೈವಾನ ಪತ್ರಕ್ಕಿಂತ ಹಳೆಯದಾದ ಸಂಪ್ರದಾಯವನ್ನು ಪಶ್ಚಿಮದ ಆಮದೆಂದು ಕರೆಯುವ ವಿಚಿತ್ರ ಇದು. 2022ರ ಡಿಸೆಂಬರ್‌ನಲ್ಲಿ ಅಂಗೀಕಾರವಾಗಿ 2026ರ ಜನವರಿ 2ರಿಂದ ಜಾರಿಗೆ ಬಂದ ಹೊಸ ದಂಡಸಂಹಿತೆ ಮದುವೆಯ ಹೊರಗಿನ ಲೈಂಗಿಕ ಸಂಬಂಧವನ್ನು, ಗಂಡ, ಹೆಂಡತಿ, ತಂದೆತಾಯಿ ಅಥವಾ ಮಕ್ಕಳು ದೂರು ಕೊಟ್ಟರೆ, ಶಿಕ್ಷಾರ್ಹಗೊಳಿಸಿದೆ. ಮದುವೆಯಾಗಲು ಕಾನೂನಿನ ದಾರಿಯೇ ಇಲ್ಲದ ಚಲಬೈ, ಚಲಲೈಗಳ ಸಂಸಾರಗಳ ಮೇಲೆ ಈ ಕತ್ತಿ ತೂಗುತ್ತಿರುತ್ತದೆ. ಅದನ್ನು ಇಳಿಸುವ ಅಧಿಕಾರ ಸಿಕ್ಕಿರುವುದು ಸಿರಿಯ ಲೆಕ್ಕ ಹಾಕುವ ಕುಟುಂಬಕ್ಕೆ.

ಬಿಸ್ಸುಗಳ ಬಗ್ಗೆ ಓದುವ ಕನ್ನಡಿಗರಿಗೆ ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರು ನೆನಪಾಗುವುದು ಸಹಜ. ಅಲ್ಲೂ ಕರೆ ಬರುವುದು ದೇವರಿಂದ, ಮನ್ನಣೆ ಸಿಗುವುದು ಸೇವೆಯಿಂದ. ಆದರೆ ಹೋಲಿಕೆಯನ್ನು ಬಹಳ ಎಳೆಯಬಾರದು: ಬಿಸ್ಸುಗಳಿಗೆ ಅರಮನೆಯ ಪದವಿಯಿತ್ತು, ಜೋಗಪ್ಪಂದಿರಿಗೆ ಇದ್ದದ್ದು ತಲೆಯ ಮೇಲಿನ ಕೊಡ ಮತ್ತು ಮನೆಮನೆಯ ಜೋಗ. ಸಮಾನವಾದದ್ದು ಮುಂದಿನ ಹಂತ. ಸುಪ್ರೀಂ ಕೋರ್ಟು 2014ರ ತೀರ್ಪಿನಲ್ಲಿ ಜೋಗಪ್ಪಂದಿರನ್ನು ಹೆಸರಿಸಿಯೇ ಹಕ್ಕುಗಳನ್ನು ಮಾನ್ಯ ಮಾಡಿತು, ಕರ್ನಾಟಕ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ಆದರೆ ಆ ಸವಲತ್ತು ಬೇಕಾದರೆ ಎಲ್ಲಮ್ಮನ ಮಗಳು ಅರ್ಜಿಯಲ್ಲಿ ‘ಟ್ರಾನ್ಸ್‌ಜೆಂಡರ್’ ಎಂಬ ಕಾಲಂಗೆ ಬಂದು ಸೇರಬೇಕು. ದೇವಿಯ ಭಾಷೆಯಿಂದ ಕಚೇರಿಯ ಭಾಷೆಗೆ ಬರುವ ಈ ದಾರಿಯಲ್ಲಿ ಹಕ್ಕು ಸಿಗುತ್ತದೆ ಎಂಬ ಕಾರಣಕ್ಕೆ ನಾನು ಅದನ್ನು ಅಲ್ಲಗಳೆಯಲಾರೆ.

ಬುಗಿಸರಿಗೆ ಅಷ್ಟೂ ಸಿಕ್ಕಿಲ್ಲ. ಇಂಡೊನೇಷ್ಯಾದ ಪ್ರತಿ ವಯಸ್ಕರ ಬಳಿ ಇರಬೇಕಾದ ಗುರುತಿನ ಚೀಟಿಯಲ್ಲಿ ಲಿಂಗ, ಧರ್ಮ, ಕಸುಬು ಎಂಬ ಕಾಲಂಗಳೂ ಇವೆ. ಧರ್ಮದ ಕಾಲಂನಲ್ಲಿ ಸರ್ಕಾರ ಮಾನ್ಯ ಮಾಡಿದ ಮತಗಳನ್ನಷ್ಟೇ ಬರೆಯಬೇಕೆಂಬ ನಿಯಮವಿತ್ತು. 2017ರ ನವೆಂಬರ್‌ನಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ಸಡಿಲಿಸಿ ನಾಡಿನ ಮೂಲ ನಂಬಿಕೆಗಳನ್ನು ನಮೂದಿಸಲು ಅವಕಾಶ ಮಾಡಿಕೊಟ್ಟಿತು. ದಾಖಲೆಗಳಿಲ್ಲದೆ ಪರದಾಡುತ್ತಿದ್ದ ವಾರಿಯಾಗಳಿಗೆ ಚೀಟಿ ಮಾಡಿಸಿಕೊಡುವ ಕೆಲಸವನ್ನು 2021ರಲ್ಲಿ ಗೃಹ ಸಚಿವಾಲಯವೇ ಕೈಗೆತ್ತಿಕೊಂಡಿತು. ಲಿಂಗದ ಕಾಲಂ ಮಾತ್ರ ಇದ್ದಂತೆಯೇ ಇದೆ, ಅದರಲ್ಲಿ ಬರೆಯಬಹುದಾದ ಪದಗಳು ಎರಡೇ: ಲಕಿ-ಲಕಿ, ಪೆರೆಂಪುವಾನ್, ಅಂದರೆ ಗಂಡು, ಹೆಣ್ಣು. ನ್ಯಾಯಾಲಯದ ಆದೇಶವಿಲ್ಲದೆ ಅದು ಬದಲಾಗುವುದಿಲ್ಲ. ನವೆಂಬರ್‌ನಲ್ಲಿ ಸೆಗೆರಿಯ ನೇಗಿಲನ್ನು ಎಬ್ಬಿಸುವ ಬಿಸ್ಸುವಿನ ಚೀಟಿಯಲ್ಲೂ ಈ ಎರಡರಲ್ಲಿ ಒಂದು ಪದವಿರುತ್ತದೆ, ಅವರು ಹುಟ್ಟಿದ ದಿನ ಬರೆದದ್ದು.